ತೋರಣ ತಿರುಮಲೆಯಲ್ಲಿ, ಬಾಗಿಲು ನಮ್ಮಲ್ಲಿ

ತಿರುಪತಿಗೆ ಹೋಗಿಬಂದವರನ್ನು ಲಡ್ಡು ಎಲ್ಲಿ ಎಂದು ಕೇಳುತ್ತೇವೆ, ದರ್ಶನಕ್ಕೆ ಎಷ್ಟು ಹೊತ್ತು ನಿಂತಿರಿ ಎಂದು ಕೇಳುತ್ತೇವೆ. ಶಿಲಾತೋರಣ ನೋಡಿದಿರಾ ಎಂದು ಕೇಳುವವರು ಕಡಿಮೆ. ದೇವಸ್ಥಾನದಿಂದ ಒಂದು ಕಿಲೋಮೀಟರ್ ಆಚೆ, ಬೆಟ್ಟದ ಮೇಲೇ ಇರುವ ಸಹಜ ಕಲ್ಲಿನ ಕಮಾನು ಅದು. ಅಗಲ 8 ಮೀಟರ್, ಎತ್ತರ 3 ಮೀಟರ್. ಯಾವ ಶಿಲ್ಪಿಯೂ ಕಡೆದದ್ದಲ್ಲ. ಗಾಳಿ ಮಳೆ ಸೇರಿ ಕೊರೆದದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಮನ್ನಣೆಯೂ ಅದಕ್ಕಿದೆ.

ಕಳೆದ ಸಲ ಅಲ್ಲಿಗೆ ಹೋದಾಗ ಜೊತೆಗೆ ಮಾಲೂರಿನ ನನ್ನ ಅಕ್ಕನ ಮಗನಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಬೇಲಿಯ ಈಚೆ ನಿಂತು ಕಮಾನನ್ನೇ ನೋಡುತ್ತಿದ್ದವನು ಹೊರಡುವಾಗ ಕೇಳಿದ: "ಮಾವ, ನಮ್ಮ ಕಡೆ ಎಲ್ಲಿ ನೋಡಿದ್ರೂ ಬಂಡೆ. ಇಂಥದ್ದು ಒಂದಾದ್ರೂ ಯಾಕಿಲ್ಲ?"

ಪ್ರಶ್ನೆ ಸುಲಭದ್ದಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಯಲಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಬೀಳುವುದೇ ಕಲ್ಲು. ಗುಂಡು, ಹಾಸುಬಂಡೆ, ಗುಂಡಿನ ಮೇಲೆ ಗುಂಡು. ಇಷ್ಟು ಕಲ್ಲಿದ್ದೂ ಹೆಸರು ಹೇಳುವಂಥ ಕಮಾನೊಂದು ಇಲ್ಲವೆಂದರೆ ಕಾರಣ ಇರಲೇಬೇಕು. ಅದು ತಿರುಮಲೆಯ ಘಾಟ್ ರಸ್ತೆಯಲ್ಲೇ ಸಿಗುತ್ತದೆ.

ಆ ರಸ್ತೆಯ ಇಳಿಜಾರಿನಲ್ಲಿ ಭೂವಿಜ್ಞಾನಿಗಳು ಒಂದು ಗೆರೆ ತೋರಿಸುತ್ತಾರೆ. ಗೆರೆಯ ಮೇಲಿರುವುದು ಕಡಪ ಶಿಲಾಸಮೂಹಕ್ಕೆ ಸೇರಿದ ಕ್ವಾರ್ಟ್ಜೈಟ್. ನೀರಿನಡಿ ಮರಳು ಪದರಪದರವಾಗಿ ಕೂತು, ಬಿಗಿದು, ಗಟ್ಟಿಯಾದ ಕಲ್ಲು. ಕೆಳಗಿರುವುದು ಗ್ರಾನೈಟ್ ಜಾತಿಯ, ಇನ್ನೂ ಹಳೆಯ ಕಲ್ಲು. ಎರಡರ ನಡುವೆ ಸುಮಾರು 80 ಕೋಟಿ ವರ್ಷದ ಲೆಕ್ಕವೇ ಇಲ್ಲ. ಅಷ್ಟು ಕಾಲ ಹಳೆಯ ನೆಲ ಸುಮ್ಮನೆ ಸವೆಯಿತು. ಮೇಲೆ ಕೂತದ್ದೇನೂ ಉಳಿಯಲಿಲ್ಲ. ಭೂವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಎಪಾರ್ಕಿಯನ್ ಅಸಂಗತಿ ಎಂಬ ಗಂಭೀರ ಹೆಸರಿದೆ. ನಮಗೆ ಬೇಕಾದ ಮಾತು ಇಷ್ಟೇ: ತೋರಣ ಆಗಿರುವುದು ಮೇಲಿನ ಕಲ್ಲಿನಲ್ಲಿ. ಕೋಲಾರ ಸೀಮೆಯ ಬೆಟ್ಟಗಳಿಗೆ ನೆಂಟು ಕೆಳಗಿನ ಕಲ್ಲು. ಮೇಲಿನ ಕಲ್ಲು ನಮ್ಮ ಪಾಲಿಗೆ ಬಂದಿಲ್ಲ.

ಪದರದ ಕಲ್ಲಿಗೆ ಕಮಾನು ಒಲಿಯುವುದು ಯಾಕೆ? ಎಲ್ಲ ಪದರವೂ ಒಂದೇ ಗಟ್ಟಿಯಲ್ಲ. ಮೊದಲು ನೆಟ್ಟನೆಯ ಬಿರುಕುಗಳು ಬಂಡೆಯನ್ನು ಗೋಡೆಯ ಹಾಗೆ ಸೀಳುತ್ತವೆ. ಆಮೇಲೆ ಗೋಡೆಯ ಬುಡದ ಮೆತ್ತನೆಯ ಪದರ ಉದುರುತ್ತದೆ, ಮೇಲಿನ ಗಟ್ಟಿ ಪದರ ಸೂರಾಗಿ ನಿಲ್ಲುತ್ತದೆ. ಅಮೆರಿಕದ ಯೂಟಾ ರಾಜ್ಯದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ 2000ಕ್ಕೂ ಹೆಚ್ಚು ಕಮಾನುಗಳಾದದ್ದು ಹೀಗೆ, ಮರಳುಗಲ್ಲಿನಲ್ಲಿ. ಒಮ್ಮೆ ಕಮಾನಾದದ್ದು ಬೇಗ ಬೀಳುವುದಿಲ್ಲ ಏಕೆ ಎಂಬುದಕ್ಕೂ ಒಂದು ಸೊಗಸಾದ ಉತ್ತರವಿದೆ. 2014ರಲ್ಲಿ ನೇಚರ್ ಜಿಯೋಸೈನ್ಸ್ ಪತ್ರಿಕೆಯಲ್ಲಿ ಜೆಕ್ ದೇಶದ ವಿಜ್ಞಾನಿಗಳು ಮರಳುಗಲ್ಲಿನ ತುಂಡುಗಳ ಮೇಲೆ ಭಾರ ಹೇರಿ, ನೀರಲ್ಲಿಟ್ಟು ನಡೆಸಿದ ಪ್ರಯೋಗವನ್ನು ವಿವರಿಸಿದರು. ಭಾರ ಹೊರದ ಕಣಗಳು ನೀರಿಗೆ ಕಳಚಿಕೊಂಡು ಹೋದವು. ಭಾರ ಹೊತ್ತವು ಒಂದನ್ನೊಂದು ಬಿಗಿಯಾಗಿ ಹಿಡಿದು ನಿಂತವು. ಕೊನೆಗೆ ಉಳಿದದ್ದು ಕಂಬದ, ಕಮಾನಿನ ಆಕಾರ. ಮನೆಯ ಹೊರೆ ಹೊತ್ತವರು ಜಾಗ ಬಿಟ್ಟು ಏಳುವುದು ಕಷ್ಟ ಎಂಬುದನ್ನು ನಾವು ಪ್ರಯೋಗವಿಲ್ಲದೆಯೇ ಬಲ್ಲೆವು. ಕಲ್ಲಿಗೂ ಅದೇ ನ್ಯಾಯ ಎಂದು ತಿಳಿದಾಗ ಖುಷಿಯಾಯಿತು. ಹಾಗೆಂದು ಕಮಾನು ಚಿರಂಜೀವಿಯಲ್ಲ. ಅದೇ ಯೂಟಾದ ವಾಲ್ ಆರ್ಚ್ 2008ರ ಆಗಸ್ಟ್ ತಿಂಗಳ ಒಂದು ರಾತ್ರಿ ಕುಸಿಯಿತು. ಮಾಲ್ಟಾದ ಕಡಲ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಮುದ್ರ ಸೇರಿತು.

ಇಷ್ಟು ಹೇಳುವ ಹೊತ್ತಿಗೆ ನಮ್ಮ ಕಾರು ಚಿತ್ತೂರು, ಪಲಮನೇರು ದಾಟಿ ನಂಗಲಿಯ ಕಡೆ ಏರುತ್ತಿತ್ತು. ತಿರುಪತಿಯಿಂದ ಮುಳಬಾಗಿಲಿಗೆ ಸುಮಾರು 150 ಕಿಲೋಮೀಟರ್. ಕರ್ನಾಟಕದ ಮೇಲ್ನಾಡಿಗೆ ಕಾಲಿಡುವುದು ಇಲ್ಲೇ. ಮೂಡಲ ಬಾಗಿಲು ಮುಳಬಾಗಿಲಾಯಿತು ಎನ್ನುತ್ತಾರೆ. ಘಾಟಿ ಇಳಿದು ತಿಮ್ಮಪ್ಪನನ್ನು ನೋಡಲು ಹೊರಟವರಿಗೆ ಇದು ಕೊನೆಯ ಹೊಸ್ತಿಲು. ಊರಾಚೆಯ ನರಸಿಂಹತೀರ್ಥದಲ್ಲಿ ಮಿಂದು ಮುಂದೆ ಹೋಗುವ ಪದ್ಧತಿ ಹಳೆಯದು. ಪಕ್ಕದ ಶ್ರೀನಿವಾಸಪುರಕ್ಕೂ ತಿರುಪತಿಯ ಋಣವಿದೆ. ಪಾಪನಪಲ್ಲಿ ಎಂದಿದ್ದ ಊರಿಗೆ ದಿವಾನ್ ಪೂರ್ಣಯ್ಯ ತಿರುಪತಿ ಯಾತ್ರೆಯಿಂದ ಹಿಂದಿರುಗುವಾಗ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟರೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಈಗ ಆ ಊರೆಂದರೆ ಮಾವು. ಹಬ್ಬದ ದಿನ ಬೆಂಗಳೂರಿನ ಬಾಗಿಲುಗಳಿಗೆ ಕಟ್ಟುವ ಎಲೆಯ ತೋರಣ ಇಲ್ಲಿಂದ ಹೋಗಬಹುದು. ಕಲ್ಲಿನ ತೋರಣಕ್ಕೆ ಮಾತ್ರ ಘಾಟಿ ಇಳಿಯಬೇಕು.

ಹಾಗಾದರೆ ಈ ಕಡೆಯ ಕಲ್ಲು ಮಾಡುವುದೇನು?

ಮೈಸೂರು ಪಾಕ್ ತಟ್ಟೆಯಲ್ಲಿ ಆರುವ ಮೊದಲು ಚಾಕು ಎಳೆಯುವುದನ್ನು ನೆನಪಿಸಿಕೊಳ್ಳಿ. ಗ್ರಾನೈಟ್ ನೆಲದಾಳದಲ್ಲಿ ಕುದಿದು ತಣಿದ ಕಲ್ಲು. ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು. ಅದರಲ್ಲಿ ಪದರ ಇಲ್ಲ, ಬಿರುಕುಗಳಿವೆ. ಉದ್ದಕ್ಕೆ, ಅಡ್ಡಕ್ಕೆ, ಚಾಕುವಿನ ಗೆರೆಗಳ ಹಾಗೆ. ಇನ್ನೂ ನೆಲದೊಳಗಿರುವಾಗಲೇ ಮಳೆನೀರು ಆ ಬಿರುಕುಗಳಲ್ಲಿ ಇಳಿಯುತ್ತದೆ. ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ನೀರು ತಾಕಿ ತಾಕಿ ಜೇಡಿಯಾಗುತ್ತದೆ. ಚೌಕದ ಮುಖಕ್ಕೆ ನೀರು ಒಂದು ಕಡೆಯಿಂದ ಬಂದರೆ ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮೂಲೆ ಬೇಗ ಕರಗುತ್ತದೆ, ಚೌಕ ಗುಂಡಾಗುತ್ತದೆ. ಮುಂದೊಂದು ಕಾಲದಲ್ಲಿ ಸುತ್ತಲಿನ ಮಣ್ಣು ಕೊಚ್ಚಿಹೋಗಿ ಗುಂಡುಗಳು ಮಾತ್ರ ಉಳಿಯುತ್ತವೆ, ಒಂದರ ಮೇಲೊಂದು, ಯಾರೋ ಪೇರಿಸಿಟ್ಟ ಹಾಗೆ. ಭೀಮ ಎಸೆದದ್ದೂ ಅಲ್ಲ, ಹೊಳೆ ಉರುಳಿಸಿ ತಂದದ್ದೂ ಅಲ್ಲ. ಹೆಚ್ಚಿನವು ಹುಟ್ಟಿದಲ್ಲೇ ಕೂತಿವೆ. ಹೋದದ್ದು ಅವುಗಳ ನಡುವಿನದು.

ಇನ್ನೊಂದು ಕೆಲಸವೂ ನಡೆಯುತ್ತದೆ. ಮೇಲಿನ ಭಾರ ಕಳೆದಾಗ ಬಂಡೆ ಉಸಿರು ಬಿಟ್ಟಂತೆ ಹಿಗ್ಗಿ ಈರುಳ್ಳಿ ಸಿಪ್ಪೆಯಂತೆ ಚಪ್ಪಡಿ ಚಪ್ಪಡಿಯಾಗಿ ಏಳುತ್ತದೆ. ಈ ಸೀಮೆಯ ಕಲ್ಲುಕುಟಿಗರಿಗೆ ಇದು ಯಾವ ಭೂವಿಜ್ಞಾನಿಗಿಂತಲೂ ಚೆನ್ನಾಗಿ ಗೊತ್ತು. ಹಾಸುಬಂಡೆಯ ಮೇಲೆ ಸೌದೆ ಸಾಲಾಗಿ ಜೋಡಿಸಿ ಬೆಂಕಿ ಹಚ್ಚಿ, ಬೆಂಕಿಯನ್ನು ನಿಧಾನವಾಗಿ ಮುಂದೆ ಮುಂದೆ ಸರಿಸುತ್ತ, ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿ, ಎಲ್ಲಿಯವರೆಗೆ ಕಲ್ಲು ಬಿಟ್ಟಿದೆ ಎಂದು ಹೇಳುತ್ತಿದ್ದರು. ಬೆಂಗಳೂರಿನ ಸುತ್ತ ನಡೆಯುತ್ತಿದ್ದ ಈ ಕೆಲಸವನ್ನು ಕಂಡು ಬೆರಗಾದ ಒಬ್ಬರು 1895ರಲ್ಲಿ ಲಂಡನ್ನಿನ ನೇಚರ್ ಪತ್ರಿಕೆಗೆ ಬರೆದಿದ್ದರು. ಮದ್ದಿಲ್ಲ, ಯಂತ್ರವಿಲ್ಲ, ಕಿವಿ ಮತ್ತು ಬೆಂಕಿ. ಹಳ್ಳಿಗಳ ಜಗಲಿ, ದನದ ಕೊಟ್ಟಿಗೆ, ಹೊಲದ ಬೇಲಿಕಂಬ ಎಲ್ಲ ಬಂದದ್ದು ಆ ಕಿವಿಯಿಂದ.

ಗ್ರಾನೈಟಿನಲ್ಲಿ ಕಮಾನು ಆಗುವುದೇ ಇಲ್ಲ ಎಂದಲ್ಲ. ಕ್ಯಾಲಿಫೋರ್ನಿಯಾದ ಅಲಬಾಮಾ ಹಿಲ್ಸ್‌ನಲ್ಲಿ ಇಂಥದೇ ಗುಂಡುಕಲ್ಲುಗಳಲ್ಲಿ ಕಮಾನುಗಳಿವೆ. ಆದರೆ ಈ ಕಲ್ಲಿನ ಸ್ವಭಾವ ಬೇರೆ. ಅದು ಕೊರೆದು ಕಮಾನು ಮಾಡುವುದಕ್ಕಿಂತ, ಎರಡು ಗುಂಡು ಒರಗಿಕೊಂಡು, ಮೇಲೊಂದು ಚಪ್ಪಡಿ ಜಾರಿ ಕೂತು, ನಡುವೆ ಜಾಗ ಬಿಡುತ್ತದೆ. ನಮ್ಮ ಕಡೆ ಇದನ್ನು ಸಂದು ಎನ್ನುತ್ತೇವೆ. ಸಂದು ದೊಡ್ಡದಾದರೆ ಗವಿ, ಆಚೆ ಕಡೆ ಬೆಳಕು ಕಂಡರೆ ಬಾಗಿಲು.

ಮುಳಬಾಗಿಲ ಬೆಟ್ಟವನ್ನು ಕೆಳಗಿನಿಂದ ನೋಡಿದರೆ ಸಾಕು, ಈ ಪಾಠ ಪೂರ್ತಿ ಅರ್ಥವಾಗುತ್ತದೆ. ತುದಿಯ ದೊಡ್ಡ ಗುಂಡುಗಳು ಈಗ ಬೀಳುತ್ತವೆಯೋ ನಾಳೆ ಬೀಳುತ್ತವೆಯೋ ಎಂಬಂತಿವೆ. 1768ರ ಅಕ್ಟೋಬರ್ 4ರಂದು ಈ ಬಂಡೆಗಳ ನಡುವೆ ಹೈದರಾಲಿಗೂ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್‌ಗೂ ಕಾಳಗ ನಡೆಯಿತು. ವುಡ್ ಸೋಲುವ ಹಂತಕ್ಕೆ ಬಂದಾಗ ಕ್ಯಾಪ್ಟನ್ ಬ್ರೂಕ್ ಎಂಬುವನು ಗಾಯಾಳುಗಳನ್ನು ಕಟ್ಟಿಕೊಂಡು, ಬಂಡೆಗಳ ಮರೆಯಲ್ಲಿ ಸುತ್ತುಬಳಸಿ, ಎರಡು ತೋಪುಗಳನ್ನು ಒಂದು ಹಾಸುಬಂಡೆಯ ಮೇಲೆಳೆದು ಹಾರಿಸುತ್ತ "ಸ್ಮಿತ್! ಸ್ಮಿತ್!" ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯ ಬಂತೆಂದು ಹೈದರನ ಕಡೆಯವರು ತುಸು ಹಿಂದೆ ಸರಿದರಂತೆ. ಬಂಡೆ ಮರೆಮಾಡಿದ್ದು ಎಷ್ಟು ಜನರನ್ನು ಎಂಬುದು ಯಾರಿಗೂ ಕಾಣಲಿಲ್ಲ, ಕೂಗು ಮಾತ್ರ ಕೇಳಿಸಿತು. ನನ್ನ ಅಕ್ಕನ ಮಗನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ ಕತೆ ಇದೊಂದೇ.

ಮುಳಬಾಗಿಲ ಹತ್ತಿರದ ಆವನಿ ಬೆಟ್ಟದಲ್ಲಿ ಅವನು ಸುಮ್ಮನಾದ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳನ್ನು ನೋಡಿ ಮೇಲೆ ಹತ್ತಿದರೆ ದಾರಿಯುದ್ದಕ್ಕೂ ಗುಂಡುಗಳು, ಅವುಗಳಡಿ ತಂಪು. ವಾಲ್ಮೀಕಿ ಆಶ್ರಮ ಇಲ್ಲಿತ್ತು, ಲವಕುಶರು ಇಲ್ಲೇ ಹುಟ್ಟಿದರು ಎಂಬುದು ಜನರ ನಂಬಿಕೆ. ಬೆಟ್ಟದ ಮೇಲೆ ಸೀತೆಗೆ ಗುಡಿಯಿದೆ. ಗಂಡ ಬಿಟ್ಟ ಬಸುರಿಗೆ ಆಸರೆ ಕೊಟ್ಟ ಜಾಗ ಎಂದು ಈ ಕಲ್ಲುಗಳನ್ನು ಆರಿಸಿಕೊಂಡವರು ಯಾರೋ, ಅವರಿಗೆ ಈ ನೆಲದ ಗುಣ ತಿಳಿದಿತ್ತು. ಭೂಮಿ ಬಾಯಿಬಿಟ್ಟು ಮಗಳನ್ನು ಕರೆದುಕೊಂಡಿತೆಂಬ ಕತೆಯನ್ನು ಇಲ್ಲಿಯಷ್ಟು ಸಹಜವಾಗಿ ಬೇರೆಲ್ಲಿ ಹೇಳಲು ಸಾಧ್ಯ? ಎಲ್ಲಿ ನೋಡಿದರೂ ಬಾಯಿ ತೆರೆದ ಕಲ್ಲು.

ಆಸರೆ ಕೇಳಿಕೊಂಡು ಬಂದವರು ಸೀತೆಯೊಬ್ಬಳೇ ಅಲ್ಲ. ಬಿಸಿಲೇರಿದ ಬಂಡೆಯ ಮೇಲೆ ಒಂದು ಗಂಡು ಓತಿ ಮುಂಗಾಲಲ್ಲಿ ದಂಡ ಹೊಡೆಯುತ್ತಿತ್ತು. ಬೆದೆಯ ಕಾಲದಲ್ಲಿ ಇದರ ಬೆನ್ನು ಕೆಂಪು, ಮಗ್ಗುಲು ಕಪ್ಪು. ಹೆಣ್ಣು ಮಾತ್ರ ಕಲ್ಲಿನದೇ ಬಣ್ಣ. ಹೆಣ್ಣಿನೆದುರು ಒಂದು ಬಗೆಯ ಬಣ್ಣ, ಎದುರಾಳಿ ಗಂಡಿನೆದುರು ಇನ್ನೊಂದು ಬಗೆ, ಅದೂ ಜಗಳಕ್ಕಾದರೆ ಬದಲಾವಣೆ ಇನ್ನೂ ಚುರುಕು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಂಡುಕೊಂಡಿದ್ದಾರೆ. ಹದ್ದಿನ ನೆರಳು ಬಿದ್ದರೆ ಎಲ್ಲ ಬಣ್ಣವನ್ನೂ ಮಡಚಿಕೊಂಡು ಸಂದಿಗೆ. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿಯಂತೂ ದಕ್ಷಿಣ ಭಾರತದ ಇಂಥ ಕುರುಚಲು ತುಂಬಿದ ಕಲ್ಲುಬೆಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಂದಿಬೆಟ್ಟಕ್ಕೆ ಹಕ್ಕಿ ನೋಡಲು ಬರುವವರು ಮೊದಲು ಹುಡುಕುವುದು ಇದನ್ನೇ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ತೂಗುತ್ತದೆ, ಬಿರುಕಿನಲ್ಲಿ ಕೊಂಬಿನ ಗೂಬೆ ಹಗಲು ಕಳೆಯುತ್ತದೆ, ಗುಂಡುಗಳ ನಡುವಿನ ಹಿಡಿ ಮಣ್ಣಲ್ಲಿ ಸೀತಾಫಲ ಬೇರಿಳಿಸುತ್ತದೆ. ಚಿರತೆ ಇದೆ, ಕರಡಿ ಇದೆ. ಅವು ನಮಗೆ ಕಾಣಲಿಲ್ಲ. ಅವುಗಳಿಗೆ ನಾವು ಕಂಡಿರಬಹುದು.

ಇವೆಲ್ಲಕ್ಕಿಂತ ದೊಡ್ಡ ಸುದ್ದಿ ಬಲು ಚಿಕ್ಕ ಪ್ರಾಣಿಯದು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಕಲ್ಲುಗುಡ್ಡದ ಗವಿಯಲ್ಲಿ ಒಂದು ಜಾತಿಯ ಬಾವಲಿ ಇದೆ. ಮೂಗಿನ ಮೇಲೆ ಎಲೆಯಾಕಾರದ ಮಡಿಕೆ. ಬಾವಲಿ ಮೂಗಿನಿಂದ ಹೊರಡಿಸುವ ಕಿರುದನಿಯನ್ನು ಆ ಎಲೆ ಟಾರ್ಚಿನ ಬೆಳಕಿನಂತೆ ಒಂದು ಕಡೆಗೆ ತಿರುಗಿಸುತ್ತದೆ. ಹೋದ ದನಿ ಹುಳುವಿಗೆ ಬಡಿದು ಹಿಂದಿರುಗಿದರೆ ಊಟ. 1994ರಲ್ಲಿ ಕಾಕ್ ಮತ್ತು ಭಟ್ ಎಂಬ ವಿಜ್ಞಾನಿಗಳು ಇದನ್ನು ಹೊಸ ಜಾತಿಯೆಂದು ವಿವರಿಸಿದರು. ಕೋಲಾರ ಎಲೆಮೂಗಿನ ಬಾವಲಿ ಎಂಬುದೇ ಅದರ ಹೆಸರು. ತೇರಹಳ್ಳಿ ಬೆಟ್ಟದ ಗವಿಯಲ್ಲೂ ಮೊದಲಿದ್ದವು, ಈಗ ಅಲ್ಲಿಲ್ಲ. ಉಳಿದಿರುವುದು ಒಂದೇ ಗವಿ, ಅದರೊಳಗೆ 200ಕ್ಕಿಂತ ಕಡಿಮೆ ಬಾವಲಿ. ಲೋಕದ ಲೆಕ್ಕವೇ ಅಷ್ಟು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2016ರ ಪರಿಶೀಲನೆಯಲ್ಲಿ ಇದನ್ನು ತೀರಾ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಕಾರಣ ಕ್ವಾರಿ. ಗವಿಯ ಸುತ್ತ ಕಲ್ಲು ಒಡೆಯಲು ಸಿಡಿಸಿದ ಮದ್ದಿನ ಅದುರು ಒಳಗೆ ತಲೆಕೆಳಗಾಗಿ ನೇತಾಡುವ ತಾಯಿ ಮರಿಗೆ ಮುಟ್ಟುತ್ತದೆ. ಬಾವಲಿ ಸಂರಕ್ಷಣೆಗೆಂದೇ ಇರುವ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಇಲ್ಲಿ ಕೆಲಸ ಮಾಡಿದೆ. ಗವಿಯ ಸುತ್ತಲಿನ ಜಾಗಕ್ಕೆ ಸರ್ಕಾರದ ರಕ್ಷಣೆ ದೊರೆತಿದೆ.

ಆ ಗವಿಗೆ ನಾವು ಹೋಗಲಿಲ್ಲ. ಹೋಗಬಾರದು. ಗವಿಯೊಳಗಿನ ಒಂದೇ ಹದದ ಬಿಸಿ, ಒಂದೇ ಹದದ ತೇವ, ಕತ್ತಲೆ, ಇವೇ ಅವುಗಳ ಆಸ್ತಿ. ಒಂದು ಮೊಬೈಲ್ ಟಾರ್ಚು ಸಾಕು ಕೆಡಿಸಲು. ನೋಡಬಾರದ್ದನ್ನು ನೋಡದೆ ಬಿಡುವುದೂ ಪ್ರವಾಸದ ಒಂದು ಭಾಗ ಎಂದು ಹುಡುಗನಿಗೆ ಹೇಳಿದೆ. ಅವನಿಗೆ ಅಷ್ಟೇನೂ ಒಪ್ಪಿಗೆಯಾಗಲಿಲ್ಲ.

ಸಂದಿನೊಳಗೆ ನುಗ್ಗಲೇಬೇಕೆಂಬ ಆಸೆಯುಳ್ಳವರಿಗೆ ಅಂತರಗಂಗೆ ಇದೆ. ಕೋಲಾರ ಪೇಟೆಯ ಬೆನ್ನಿಗೇ ಇರುವ ಶತಶೃಂಗ ಬೆಟ್ಟ. ಬಸವನ ಬಾಯಿಂದ ಬೀಳುವ ನೀರು, ಕಾಶಿ ವಿಶ್ವೇಶ್ವರನ ಗುಡಿ, ಕೈಯಲ್ಲಿರುವುದನ್ನು ಕಸಿಯುವ ಕೋತಿಗಳು, ಎಲ್ಲರಿಗೂ ಗೊತ್ತಿರುವವೇ. ಆ ನೀರಿನ ಗುಟ್ಟೂ ಬಿರುಕಿನಲ್ಲೇ ಇದೆ: ಮೇಲೆ ಬಿದ್ದ ಮಳೆ ಬಂಡೆಗಳ ಸಂದಿನಲ್ಲಿ ಇಳಿದು, ತಡೆದು, ನಿಧಾನವಾಗಿ ಹೊರಬರುತ್ತದೆ. ಗುಡಿ ದಾಟಿ ಹತ್ತಿದರೆ ಗುಂಡುಗಳ ರಾಶಿ. ಅದರೊಳಗೆ ತೆವಳಿ, ಮಲಗಿ, ಜಾರಿ ಹೋಗುವ ದಾರಿಗಳು. ಬೆಂಗಳೂರಿನಿಂದ 70 ಕಿಲೋಮೀಟರ್ ಒಳಗೇ ಇರುವುದರಿಂದ ವಾರಾಂತ್ಯದಲ್ಲಿ ಜನ ಹೆಚ್ಚು. ನನ್ನ ಸಲಹೆ ಕೇಳುವುದಾದರೆ ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯೊಳಗೆ, ಬೆಳಗ್ಗೆ ಬೇಗ ಬನ್ನಿ. ಚಾರಣಕ್ಕೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಸೆಂಟು ಹಾಕಿಕೊಂಡು ಹೆಜ್ಜೇನಿನ ಕೆಳಗೆ ಕೂಗಾಡಬೇಡಿ. ಕೋತಿಗೆ ಬಿಸ್ಕತ್ತು ಹಾಕಿದವರೇ ಅದು ಕಸಿಯುವುದನ್ನು ಕಲಿಸಿದವರು. ಇನ್ನು ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆದು ಹೃದಯಕ್ಕೆ ಬಾಣ ಹೊಡೆಯುವ ಪ್ರೇಮಿಗಳೇ, 250 ಕೋಟಿ ವರ್ಷದ ಕಲ್ಲಿಗೆ ನಿಮ್ಮ ಹೆಸರಿನ ಅಗತ್ಯವಿಲ್ಲ.

ಅಲ್ಲಿ ನಾನು ಒಂದು ಸಂದಿನಲ್ಲಿ ಸೊಂಟದವರೆಗೆ ಹೋಗಿ ನಿಂತುಬಿಟ್ಟೆ. ಆಚೆಯಿಂದ ಹುಡುಗನ ದನಿ: "ಮಾವ, ಉಸಿರು ಬಿಟ್ಟು ಬನ್ನಿ, ಎಳ್ಕೊಂಡು ಅಲ್ಲ." ಬಂಡೆ ಭಾರ ಕಳೆದಾಗ ಉಸಿರು ಬಿಟ್ಟು ಹಿಗ್ಗುತ್ತದೆಂದು ಅವನಿಗೆ ನಾನೇ ಹೇಳಿದ್ದೆ. ಮನುಷ್ಯ ಉಸಿರು ಬಿಟ್ಟರೆ ಕುಗ್ಗುತ್ತಾನೆ, ಪುಣ್ಯಕ್ಕೆ.

ಮರುದಿನ ಅವನನ್ನು ಮಾಲೂರಿಗೆ ಬಿಡಲು ಟೇಕಲ್ ಮೇಲೆ ಹೋದೆವು. ಈ ಕಡೆಯ ಬೆಟ್ಟಗಳೂ ಕಲ್ಲಿನವೇ. ತಲೆಮಾರುಗಳಿಂದ ಉಳಿ ಸುತ್ತಿಗೆ ಹಿಡಿದು ಬದುಕಿದ ಮನೆಗಳು ಇಲ್ಲಿ ಬಹಳ. ಚಪ್ಪಡಿ, ಕಂಬ, ಸೈಜುಗಲ್ಲು ಇಲ್ಲಿಂದ ಹೋಗದಿದ್ದರೆ ಬೆಂಗಳೂರಿನ ಎಷ್ಟೋ ಮನೆಗಳಿಗೆ ಪಾಯವೇ ಇರುತ್ತಿರಲಿಲ್ಲ. ಆದ್ದರಿಂದ ಕಲ್ಲು ಒಡೆಯುವವರನ್ನು ಬಯ್ಯುತ್ತ ಕಾರಿನಲ್ಲಿ ಕೂರುವ ಹಕ್ಕು ನನಗಿಲ್ಲ. ಆದರೆ ಕೈಯಿಂದ ಚೀಣ ಹೊಡೆದು ಕಲ್ಲೆಬ್ಬಿಸುವುದಕ್ಕೂ, ಮದ್ದು ಸಿಡಿಸಿ ಇಡೀ ಗುಡ್ಡವನ್ನು ಜಲ್ಲಿ ಮಾಡುವುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಬೆಟ್ಟ ಸವೆಯುತ್ತದೆ, ಎರಡನೆಯದರಲ್ಲಿ ಬೆಟ್ಟ ಇರುವುದಿಲ್ಲ. ಕಾಗದಪತ್ರದಲ್ಲಿ ಕಲ್ಲಿಗೆ ಟನ್ ಲೆಕ್ಕವಿದೆ, ರಾಜಧನವಿದೆ, ಪರ್ಮಿಟ್ ಇದೆ. ಸಂದಿಗೆ ಯಾವ ಕಾಲಂ ಇಲ್ಲ.

ದಾರಿಬದಿಯಲ್ಲಿ ಅರ್ಧ ಕೊಯ್ದ ಕೇಕಿನಂತೆ ನಿಂತಿದ್ದ ಒಂದು ಗುಡ್ಡದ ಬಳಿ ಟೀ ಕುಡಿಯಲು ನಿಲ್ಲಿಸಿದೆವು. ಮೇಕೆ ಹೊಡೆದುಕೊಂಡು ಬಂದ ಒಬ್ಬ ಮುದುಕರು ಬೆಂಚಿನ ಮೇಲೆ ಕೂತಿದ್ದರು. ಹುಡುಗ ಕೇಳಿದ: "ತಾತ, ಆ ಕಡೆ ಮೊದಲು ಏನಿತ್ತು?"

"ಏನಿತ್ತಪ್ಪಾ, ಎರಡು ಗುಂಡು ಇದ್ವು. ಮಧ್ಯ ಸಂದು," ಎಂದರು ಮುದುಕರು.

"ಎಷ್ಟು ದೊಡ್ಡದು?"

ಅವರು ಗ್ಲಾಸು ಕೆಳಗಿಟ್ಟು ಗುಡ್ಡದ ಕಡೆ ನೋಡಿದರು. ತುಟಿಯಲ್ಲೇ ಏನೋ ಎಣಿಸಿದರು.

"ಮಳೆ ಬಂದ್ರೆ ಹನ್ನೆರಡು ಮೇಕೆ ಹಿಡಿಸೋದು. ಮೇಕೆ ಜೊತೆಗೆ ನಾನೂ ನಮ್ಮಣ್ಣನೂ."